ಹೊಸಿಲ ಹೊರಗೇ ನಿಂತ ಕಾನೂನು

ಕಳೆದ ತಿಂಗಳು ಆಫೀಸಿನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಾಗ ನಮ್ಮ ಟೀಮಿನ ಒಬ್ಬರು ಮಗನ ಐದನೇ ಹುಟ್ಟುಹಬ್ಬಕ್ಕೆ ಬಂದ 'ಪ್ಯಾಕೇಜು' ತೋರಿಸಿದರು. ಒಂದು ಗಂಟೆ ಮ್ಯಾಜಿಕ್ ಶೋ, ಕೈಗೆ ಟ್ಯಾಟೂ ಹಾಕುವವರು ಒಬ್ಬರು, ಬಲೂನು ತಿರುಚಿ ನಾಯಿಮರಿ ಮಾಡಿಕೊಡುವವರು ಒಬ್ಬರು, ಛೋಟಾ ಭೀಮನ ವೇಷ ಹಾಕಿ ಕುಣಿಯುವವರು ಒಬ್ಬರು. ಎಲ್ಲ ಅವರ ಮನೆಯ ಹಾಲಿನಲ್ಲೇ. ಪಕ್ಕದಲ್ಲಿದ್ದವರೊಬ್ಬರು, "ಅಲ್ಲಾ ಸಾರ್, ಆ ಭೀಮನ ವೇಷದೊಳಗೆ ಇರೋದು ಯಾರು ಅಂತ ನಿಮಗೆ ಗೊತ್ತಾ?" ಅಂದರು. ಎಲ್ಲರೂ ನಕ್ಕೆವು. ಉತ್ತರ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ನನಗೆ ಹೀಗೆ ಏನಾದರೂ ತಲೆಗೆ ಹೊಕ್ಕರೆ ಅದರ ಬುಡ ಹುಡುಕದೆ ನಿದ್ದೆ ಬರುವುದಿಲ್ಲ. ಮಕ್ಕಳನ್ನು ರಂಜಿಸಲಿಕ್ಕೆ ದುಡ್ಡು ಕೊಟ್ಟು ಹೊರಗಿನವರನ್ನು ಮನೆಯೊಳಗೆ ಕರೆಸುವುದು ಯಾವಾಗಿನಿಂದ ಇದೆ? ಆಗ ಮಕ್ಕಳನ್ನು ಕಾಯುತ್ತಿದ್ದವರು ಯಾರು? ಹುಡುಕುತ್ತಾ ಹೋದರೆ ಕಥೆ ಹೆಚ್ಚಾಗಿ ಇಂಗ್ಲೆಂಡಿನಲ್ಲೇ ಸುತ್ತುತ್ತದೆ. ಹೀಗಾಗಿ ಈ ಬರಹವೂ ಅಲ್ಲಿಯೇ ಸುತ್ತುತ್ತದೆ, ಸ್ವಲ್ಪ ಸಹಿಸಿಕೊಳ್ಳಿ.

1843ರ ಡಿಸೆಂಬರ್ 26. ಲಂಡನ್ನಿನಲ್ಲಿ ನಟ ವಿಲಿಯಂ ಮ್ಯಾಕ್ರೆಡಿಯ ಮನೆ. ಅಪ್ಪ ನಾಟಕವಾಡಲು ಅಮೆರಿಕಕ್ಕೆ ಹೋಗಿದ್ದಾನೆ, ಇಲ್ಲಿ ಮಗಳು ನೀನಾಳ ಹುಟ್ಟುಹಬ್ಬ. ಮಕ್ಕಳ ಮುಂದೆ ಮ್ಯಾಜಿಕ್ ಮಾಡಲು ನಿಂತವನು ಯಾರು ಗೊತ್ತೇ? ಚಾರ್ಲ್ಸ್ ಡಿಕನ್ಸ್! ಹೌದು, ನಾವು ಶಾಲೆಯಲ್ಲಿ ಓದಿದ ಅದೇ ಡಿಕನ್ಸ್. 'ಎ ಕ್ರಿಸ್‌ಮಸ್ ಕ್ಯಾರೊಲ್' ಪ್ರಕಟವಾಗಿ ಒಂದು ವಾರವಷ್ಟೇ ಆಗಿತ್ತು. ಗೆಳೆಯ ಜಾನ್ ಫಾರ್ಸ್ಟರ್ ಸಹಾಯಕನಾಗಿ ಪಕ್ಕದಲ್ಲಿದ್ದ. ಡಿಕನ್ಸ್ ಒಂದು ಟೋಪಿಯೊಳಗೆ ಹಸಿ ಹಿಟ್ಟು, ಹಸಿ ಮೊಟ್ಟೆ ಸುರಿದು, ಅದರಿಂದ ಬಿಸಿಬಿಸಿ ಪ್ಲಮ್ ಪುಡಿಂಗ್ ತೆಗೆದ. ಬೂಸಾ ತುಂಬಿದ ಪೆಟ್ಟಿಗೆಯಿಂದ ಜೀವಂತ ಗಿನಿ ಹಂದಿ ತೆಗೆದ. ಅಲ್ಲಿದ್ದ ಜೇನ್ ಕಾರ್ಲೈಲ್ ಇದನ್ನೆಲ್ಲ ಪತ್ರದಲ್ಲಿ ಬರೆದಿದ್ದಾಳೆ. ತಾನು ದುಡ್ಡು ಕೊಟ್ಟು ನೋಡಿದ ಜಾದೂಗಾರರಿಗಿಂತ ಈತನೇ ವಾಸಿ ಎಂಬುದು ಅವಳ ತೀರ್ಪು.

ಈ ಕಥೆ ನನಗೆ ಬೇಕಾದದ್ದು ಡಿಕನ್ಸನ ಮೋಡಿಗಾಗಿ ಅಲ್ಲ. ಆ ಪಾರ್ಟಿಯಲ್ಲಿ ಮ್ಯಾಜಿಕ್ ಮಾಡಿದವನು ಮನೆಯವರಿಗೆ ಗೊತ್ತಿದ್ದವನು. ಹುಡುಗಿಯ ಅಪ್ಪನ ಗೆಳೆಯ. ಯಾರು, ಎಲ್ಲಿಯವನು ಎಂದು ಕೇಳುವ ಪ್ರಮೇಯವೇ ಇಲ್ಲ. ಅವನು ಕೂಲಿಯವನಲ್ಲ, ಅತಿಥಿ.

ಇಲ್ಲೊಂದು ಸಣ್ಣ ಅಡ್ಡಮಾತು. 1849ರಲ್ಲಿ ಬಾನ್‌ಚರ್ಚ್ ಎಂಬ ಊರಿನಲ್ಲಿ ಡಿಕನ್ಸ್ ಮತ್ತೆ ಮ್ಯಾಜಿಕ್ ಮಾಡಿದಾಗ 'ರಿಯಾ ರಾಮಾ ರೂಸ್' ಎಂದು ಹೆಸರಿಟ್ಟುಕೊಂಡಿದ್ದ. ಹೆಸರು ನಮ್ಮ ಕಡೆಯದರ ಹಾಗೆ ಕೇಳಿಸುತ್ತದಲ್ಲವೇ? ಆ ಕಾಲದ ಲಂಡನ್ನಿನಲ್ಲಿ ಭಾರತದ ಜಾದೂಗಾರರಿಗೆ ದೊಡ್ಡ ಹೆಸರಿತ್ತು. ಅವರಲ್ಲಿ ಪ್ರಸಿದ್ಧನಾದವನು 'ರಾಮೋ ಸಾಮೀ', ಅಂದರೆ ನಮ್ಮ ರಾಮಸ್ವಾಮಿ. ಚೆಂಡು ಎಸೆದಾಡುವುದು, ಕತ್ತಿ ನುಂಗುವುದು ಅವನ ಕಸುಬು. ಮೂವತ್ತಕ್ಕೂ ಹೆಚ್ಚು ವರ್ಷ ಇಂಗ್ಲೆಂಡಿನವರನ್ನು ಬೆರಗುಗೊಳಿಸಿ, 1850ರಲ್ಲಿ ಕಡುಬಡತನದಲ್ಲಿ ಸತ್ತ. ಮಣ್ಣು ಮಾಡಲಿಕ್ಕೂ ದುಡ್ಡಿಲ್ಲದೆ ಹೆಂಡತಿ ಪತ್ರಿಕೆಯ ಮೂಲಕ ನೆರವು ಕೇಳಬೇಕಾಯಿತು. ಈ ಕಸುಬಿನವರನ್ನು ಅನುಮಾನದಿಂದ ನೋಡುವ ಮೊದಲು ಇದೂ ನೆನಪಿರಲಿ ಅಂತ ಬರೆದೆ. ಹೊಟ್ಟೆಪಾಡಿಗೆ ಮನೆಮನೆ ಅಲೆಯುವವರು ಬಹುಪಾಲು ಬಡವರು, ಒಳ್ಳೆಯವರು.

ಅದೇ ಹೊತ್ತಿಗೆ ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಲಂಡನ್ನಿನ ಬೀದಿ ಬಡವರನ್ನೆಲ್ಲ ಮಾತಾಡಿಸಿ ದೊಡ್ಡ ಗ್ರಂಥವನ್ನೇ ಬರೆದ. ಅದರಲ್ಲಿ ಪಂಚ್ ಮತ್ತು ಜೂಡಿ ಬೊಂಬೆ ಆಡಿಸುವವನು ಬರುತ್ತಾನೆ, ನೆರಳಾಟದವನು ಬರುತ್ತಾನೆ, ಬೀದಿ ಜಾದೂಗಾರ ಬರುತ್ತಾನೆ. ಬೀದಿಯಲ್ಲಿ ತಟ್ಟೆ ಹಿಡಿದರೆ ಸಿಗುವುದು ಚಿಲ್ಲರೆ, ಶ್ರೀಮಂತರ ಮನೆಗೆ ಕರೆದರೆ ನಾಲ್ಕು ಕಾಸು ಹೆಚ್ಚು. ಮಕ್ಕಳ ಪಾರ್ಟಿಗೆ 'ಬಾಡಿಗೆ ರಂಜಕ' ಬಂದದ್ದು ಹೀಗೆ, ಬೀದಿಯಿಂದ ನೇರ ಹಾಲಿಗೆ. ಅಂಥ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳಲಿಕ್ಕೇ ಆಳುಗಳಿದ್ದರು. ಆಟದವನು ತನ್ನ ಆಟ ಆಡುತ್ತಿದ್ದ, ಮಕ್ಕಳ ಮೇಲಿನ ಕಣ್ಣು ಆಳುಗಳದ್ದು. ಎರಡು ಕೆಲಸ, ಎರಡು ಜನ. ಇದನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಹಾಗಂತ ಆ ಪಾರ್ಟಿಗಳೇನೂ ಸುರಕ್ಷಿತವಾಗಿರಲಿಲ್ಲ ಬಿಡಿ. ಕ್ರಿಸ್‌ಮಸ್ ಹೊತ್ತಿಗೆ 'ಸ್ನ್ಯಾಪ್‌ಡ್ರಾಗನ್' ಎಂಬ ಆಟ ಆಡುತ್ತಿದ್ದರು. ಅಗಲವಾದ ಬಟ್ಟಲಿಗೆ ಬ್ರಾಂದಿ ಸುರಿದು, ಒಣದ್ರಾಕ್ಷಿ ಹಾಕಿ, ಬೆಂಕಿ ಹಚ್ಚಿ, ದೀಪ ಆರಿಸಿ, ನೀಲಿ ಜ್ವಾಲೆಯೊಳಗೆ ಕೈ ಹಾಕಿ ದ್ರಾಕ್ಷಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳಬೇಕು. ಮಕ್ಕಳ ಆಟ ಸ್ವಾಮಿ ಇದು!

ಈಗ ನಿಜವಾದ ಕಥೆಗೆ ಬರುತ್ತೇನೆ. ಇದು ಮನೆಯ ಪಾರ್ಟಿಯಲ್ಲ, ಸಭಾಂಗಣದ್ದು. ಆದರೆ ಮಕ್ಕಳನ್ನು ರಂಜಿಸುವವರ ವಿಷಯದಲ್ಲಿ ಕಾನೂನು ಕಣ್ಣು ಬಿಟ್ಟದ್ದರ ಹಿಂದೆ ಇದೇ ಇದೆ.

1883ರ ಜೂನ್ 16, ಶನಿವಾರ. ಇಂಗ್ಲೆಂಡಿನ ಈಶಾನ್ಯದ ಸಂಡರ್‌ಲ್ಯಾಂಡ್ ಊರು. ಹಡಗು ಕಟ್ಟುವವರ, ಕಲ್ಲಿದ್ದಲಿನವರ ಊರು. ಊರೂರು ತಿರುಗುತ್ತಾ ಮ್ಯಾಜಿಕ್ ಮಾಡುತ್ತಿದ್ದ ಫೇ ಎಂಬ ಜಾದೂಗಾರನ ತಂಡ ವಿಕ್ಟೋರಿಯಾ ಹಾಲಿನಲ್ಲಿ ಮಕ್ಕಳಿಗಾಗಿಯೇ ಆಟ ಇಟ್ಟಿತ್ತು. ಟಿಕೆಟ್ಟು ಒಂದು ಪೆನ್ನಿ. ಒಳಗೆ ಬಂದ ಮಕ್ಕಳಿಗೆ ಆಟದ ಸಾಮಾನು, ಪುಸ್ತಕ ಉಡುಗೊರೆ ಸಿಗಬಹುದು ಎಂದು ಜಾಹೀರಾತು ಬೇರೆ. ಸುಮಾರು 2000 ಮಕ್ಕಳು ಸೇರಿದರು. ಅವರಲ್ಲಿ ಸುಮಾರು 1100 ಮಕ್ಕಳು ಮೇಲಿನ ಗ್ಯಾಲರಿಯಲ್ಲಿ. ಅಪ್ಪ ಅಮ್ಮಂದಿರು ಬಂದಿರಲಿಲ್ಲ. ಮಕ್ಕಳ ಆಟ ತಾನೇ, ಅಣ್ಣ ತಮ್ಮನನ್ನು ಕೈಹಿಡಿದು ಕರೆದುಕೊಂಡು ಹೋದರೆ ಸಾಕು ಎನ್ನುವ ಲೆಕ್ಕ.

ಆಟ ಮುಗಿಯಿತು. ವೇದಿಕೆಯಿಂದ ಕೆಳಗೆ ಕೂತ ಮಕ್ಕಳಿಗೆ ಉಡುಗೊರೆ ಹಂಚಲು ಶುರು ಮಾಡಿದರು. ಗ್ಯಾಲರಿಯ ಮಕ್ಕಳು ನೋಡಿದರು. ತಮಗೆಲ್ಲಿ ತಪ್ಪಿಹೋಗುತ್ತದೋ ಎಂದು ಒಟ್ಟಿಗೇ ಮೆಟ್ಟಿಲಿನ ಕಡೆ ಓಡಿದರು. ಕೆಳಗೆ ಒಂದು ಬಾಗಿಲು. ಅದು ಒಳಮುಖವಾಗಿ ತೆರೆಯುವ ಬಾಗಿಲು. ಒಬ್ಬರ ಹಿಂದೆ ಒಬ್ಬರಂತೆ ಬರಲಿ ಎಂದು ಅದನ್ನು ಅರೆ ತೆರೆದು, ಚಿಲಕವನ್ನು ನೆಲದ ತೂತಿಗೆ ಇಳಿಸಿಬಿಟ್ಟಿದ್ದರು. ಒಂದು ಮಗು ಮಾತ್ರ ನುಸುಳುವಷ್ಟು ಸಂದಿ. ಮುಂದಿನವರು ಸಿಕ್ಕಿಕೊಂಡರು, ಹಿಂದಿನವರಿಗೆ ಅದು ಗೊತ್ತಾಗಲಿಲ್ಲ, ಮೇಲಿನಿಂದ ಇನ್ನೂ ಓಡಿ ಬರುತ್ತಲೇ ಇದ್ದರು. ಚಿಲಕವಿದ್ದದ್ದು ಮಕ್ಕಳು ಬಿದ್ದಿದ್ದ ಬದಿಯಲ್ಲಿ, ಹೊರಗಿನಿಂದ ಓಡಿ ಬಂದ ದೊಡ್ಡವರಿಗೆ ತೆಗೆಯಲಾಗಲಿಲ್ಲ. ಸಂದಿಯಿಂದ ಒಂದೊಂದೇ ಮಗುವನ್ನು ಎಳೆದು ತೆಗೆದರು. ಕಟ್ಟಡ ನೋಡಿಕೊಳ್ಳುತ್ತಿದ್ದಾತ ಬೇರೆ ಮೆಟ್ಟಿಲಿನಿಂದ ಮೇಲೆ ಓಡಿ ನೂರಾರು ಮಕ್ಕಳನ್ನು ತಿರುಗಿಸಿದ. ಇಲ್ಲದಿದ್ದರೆ ಲೆಕ್ಕ ಇನ್ನೂ ಏರುತ್ತಿತ್ತು.

183 ಮಕ್ಕಳು. 3 ವರ್ಷದಿಂದ 14 ವರ್ಷದವರೆಗಿನವರು. ಬೆಂಕಿ ಇಲ್ಲ, ಕಟ್ಟಡ ಕುಸಿಯಲಿಲ್ಲ, ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಒಂದು ಉಡುಗೊರೆ, ಒಂದು ಚಿಲಕ, ಅಷ್ಟೇ. ಆ ಚಿಲಕ ಹಾಕಿದವರು ಯಾರು ಎಂದು ವಿಚಾರಣೆಯಲ್ಲಿ ಕೊನೆಗೂ ತೀರ್ಮಾನವಾಗಲಿಲ್ಲ. ಆ ಊರಿನ ಮೌಬ್ರೇ ಪಾರ್ಕಿನಲ್ಲಿ ಸತ್ತ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿಯ ವಿಗ್ರಹವಿದೆ. ಫೋಟೋ ನೋಡಿ, ನಾನು ಬಣ್ಣಿಸಲು ಹೋಗುವುದಿಲ್ಲ.

ಇಂಜಿನಿಯರ್ ಆಗಿ ನನಗೆ ಕುತೂಹಲ ಹುಟ್ಟಿಸಿದ್ದು ಆಮೇಲಿನದು. 1892ರಲ್ಲಿ ರಾಬರ್ಟ್ ಅಲೆಕ್ಸಾಂಡರ್ ಬ್ರಿಗ್ಸ್ ಎಂಬಾತ ಒಂದು ಚಿಲಕಕ್ಕೆ ಪೇಟೆಂಟ್ ಪಡೆದ. ಒಳಗಿನಿಂದ ಮೈಭಾರ ಬಿದ್ದರೆ ಸಾಕು, ತಾನಾಗಿ ಬಿಡುವ ಚಿಲಕ. ಈಗ ಸಿನಿಮಾ ಹಾಲು, ಮಾಲುಗಳಲ್ಲಿ ಬಾಗಿಲಿಗೆ ಅಡ್ಡಲಾಗಿ ಕಬ್ಬಿಣದ ದಂಡ ಇರುತ್ತಲ್ಲ, ತಳ್ಳಿದರೆ ತೆರೆದುಕೊಳ್ಳುವುದು, ಅದರ ಪೂರ್ವಜ. ಮುಂದಿನ ಸಲ ಆ ದಂಡಕ್ಕೆ ಕೈ ಇಟ್ಟಾಗ ಸಂಡರ್‌ಲ್ಯಾಂಡಿನ ಮಕ್ಕಳನ್ನು ನೆನೆಸಿಕೊಳ್ಳಿ.

ಕಾನೂನು ಮಾತ್ರ ಎಂದಿನ ಹಾಗೆ ನಿಧಾನ. 1908ರ ಜನವರಿ 11ರಂದು ಬಾರ್ನ್ಸ್‌ಲಿ ಊರಿನಲ್ಲಿ ಪೆನ್ನಿ ಸಿನಿಮಾ ನೋಡಲು ಬಂದ ಮಕ್ಕಳ ನೂಕುನುಗ್ಗಲಿನಲ್ಲಿ ಮತ್ತೆ ಅದೇ ಮೆಟ್ಟಿಲು, ಅದೇ ಕಥೆ. 16 ಮಕ್ಕಳು ಸತ್ತರು. ಅದೇ ವರ್ಷದ ಕೊನೆಗೆ ಬಂದ ಮಕ್ಕಳ ಕಾಯಿದೆಯಲ್ಲಿ 121ನೇ ಕಲಮು ಸೇರಿತು. ಮಕ್ಕಳಿಗಾಗಿ ಏರ್ಪಡಿಸಿದ ಆಟಕ್ಕೆ 100ಕ್ಕಿಂತ ಹೆಚ್ಚು ಮಕ್ಕಳು ಬರುವುದಾದರೆ, ಏರ್ಪಡಿಸಿದವರೇ ಸಾಕಷ್ಟು ದೊಡ್ಡವರನ್ನು ನಿಲ್ಲಿಸಬೇಕು, ಅವರಿಗೆ ಮಕ್ಕಳ ಸುರಕ್ಷತೆಯ ಬಗ್ಗೆ ಸರಿಯಾಗಿ ಹೇಳಿಕೊಟ್ಟಿರಬೇಕು. ಇದೇ ಕಲಮು 1933ರ ಕಾಯಿದೆಯಲ್ಲಿ 12ನೇ ಕಲಮಾಗಿ ಮುಂದುವರೆಯಿತು. ಒಳ್ಳೆಯದೇ. ಆದರೆ ಆ 12ನೇ ಕಲಮಿನ ತುದಿಯಲ್ಲಿ ಒಂದು ಪುಟ್ಟ ಸಾಲು ಕೂತಿದೆ. ಖಾಸಗಿ ವಾಸದ ಮನೆಯಲ್ಲಿ ನಡೆಯುವ ಮನರಂಜನೆಗೆ ಇದು ಅನ್ವಯಿಸುವುದಿಲ್ಲ, ಎಂದು ಅದರ ಅರ್ಥ.

ಅಂದರೆ ಕಾನೂನು ಬೀದಿ ದಾಟಿ, ಅಂಗಳ ದಾಟಿ ಬಂದು ಹೊಸಿಲಿನ ಹೊರಗೇ ನಿಂತುಬಿಟ್ಟಿತು. ಮೊದಲು ಇದು ಒಂದೇ ಕಾಯಿದೆಯ ಕಥೆ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಎಲ್ಲ ಕಡೆ ಅದೇ ಸಾಲು!

ಸಿನಿಮಾ ತೆಗೆದುಕೊಳ್ಳಿ. ಆಗಿನ ಫಿಲ್ಮು ನೈಟ್ರೋಸೆಲ್ಯುಲೋಸಿನದು. ಅದಕ್ಕೆ ಬೆಂಕಿ ಹತ್ತಿದರೆ ನೀರಲ್ಲಿ ಮುಳುಗಿಸಿದರೂ ಉರಿಯುತ್ತದೆ, ಯಾಕೆಂದರೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. 1897ರ ಮೇ 4ರಂದು ಪ್ಯಾರಿಸ್ಸಿನ ಒಂದು ದಾನಕಾರ್ಯದ ಸಂತೆಯಲ್ಲಿ ಸಿನಿಮಾ ಯಂತ್ರದ ಈಥರ್ ದೀಪದಿಂದ ಬೆಂಕಿ ಹೊತ್ತಿ 126 ಜನ ಸತ್ತಿದ್ದರು. ಬ್ರಿಟನ್ನಿನಲ್ಲಿ 1909ರಲ್ಲಿ ಸಿನಿಮಾಟೋಗ್ರಾಫ್ ಕಾಯಿದೆ ಬಂತು. ಯಂತ್ರಕ್ಕೆ ಪ್ರತ್ಯೇಕ ಕೋಣೆ, ಲೈಸೆನ್ಸು, ಅದು ಇದು. ಅದರಲ್ಲೂ ಅದೇ ವಿನಾಯಿತಿ. ಸಾರ್ವಜನಿಕರಿಗೆ ಪ್ರವೇಶವಿಲ್ಲದ ಖಾಸಗಿ ಮನೆಯ ಪ್ರದರ್ಶನಕ್ಕೆ ಕಾಯಿದೆ ಅನ್ವಯಿಸುವುದಿಲ್ಲ. ಶ್ರೀಮಂತರ ಮನೆಯಲ್ಲಿ ಮಕ್ಕಳ ಪಾರ್ಟಿಗೆ ಸಿನಿಮಾ ತೋರಿಸಲು ಯಂತ್ರದವನನ್ನು ಕರೆಸಿದರೆ ಆ ಬೆಂಕಿಯ ಸುರುಳಿ ಹಾಲಿನ ನಡುವೆಯೇ ತಿರುಗಬಹುದು, ಕೇಳುವವರಿಲ್ಲ.

ಇಲ್ಲಿ ಕಾನೂನು ಮಾಡದ ಕೆಲಸವನ್ನು ಇಂಜಿನಿಯರುಗಳು ಮಾಡಿದರು ಎಂದು ಹೇಳಿಕೊಳ್ಳಲು ನನಗೆ ಸ್ವಲ್ಪ ಹೆಮ್ಮೆ :-) 1912ರಲ್ಲಿ ಪಾಥೆ ಕಂಪನಿ ಮನೆಗೆಂದೇ 'ಕೊಕ್' ಎಂಬ ಯಂತ್ರ ತಂದಿತು. ಫಿಲ್ಮು ಸುಲಭಕ್ಕೆ ಉರಿಯದ ಅಸಿಟೇಟಿನದು. ದೀಪಕ್ಕೆ ಈಥರೂ ಬೇಡ, ಗ್ಯಾಸೂ ಬೇಡ. ಹಿಡಿಕೆ ತಿರುಗಿಸಿದರೆ ಫಿಲ್ಮೂ ಓಡುತ್ತದೆ, ಅದೇ ಹಿಡಿಕೆಯಿಂದ ಡೈನಮೋ ತಿರುಗಿ ದೀಪವೂ ಹತ್ತುತ್ತದೆ. ಇನ್ನೂ ಚೆಂದದ್ದು ಅಳತೆ. ಥಿಯೇಟರಿನ ಫಿಲ್ಮು 35 ಮಿಲಿಮೀಟರ್. ಇದು 28. ಬೇಕಂತಲೇ. ಥಿಯೇಟರಿನ ಅಪಾಯಕಾರಿ ಫಿಲ್ಮನ್ನು ಯಾರಾದರೂ ಅಗ್ಗಕ್ಕೆ ತಂದು ಇದಕ್ಕೆ ಹಾಕೋಣ ಎಂದರೆ ಕೂರುವುದೇ ಇಲ್ಲ. 1923ರಲ್ಲಿ ಕೊಡಾಕ್ 16 ಮಿಲಿಮೀಟರ್ ತಂದಾಗಲೂ ಇದೇ ಉಪಾಯ. 35ನ್ನು ನಡುವೆ ಸೀಳಿದರೆ ಬರುವುದು ಹದಿನೇಳೂವರೆ, ಹದಿನಾರಲ್ಲ. ತಪ್ಪು ಮಾಡಬೇಡಿ ಎಂದು ಬೋರ್ಡು ಹಾಕುವುದಕ್ಕಿಂತ ತಪ್ಪು ಮಾಡಲಿಕ್ಕೇ ಆಗದ ಹಾಗೆ ವಸ್ತು ಮಾಡುವುದು ಎಷ್ಟೋ ಮೇಲು. ಥಿಯೇಟರುಗಳಲ್ಲಿ ನೈಟ್ರೇಟ್ ಇನ್ನೂ ಬಹಳ ವರ್ಷ ಉಳಿಯಿತು. 1929ರ ಡಿಸೆಂಬರ್ 31ರಂದು ಸ್ಕಾಟ್‌ಲೆಂಡಿನ ಪೇಸ್ಲಿಯಲ್ಲಿ ಒಂದು ಫಿಲ್ಮ್ ಡಬ್ಬಿಯ ಹೊಗೆಗೆ ಹೆದರಿ ಓಡಿದ ಸುಮಾರು 70 ಮಕ್ಕಳು ನೂಕುನುಗ್ಗಲಿನಲ್ಲಿ ಸತ್ತರು. ಅಲ್ಲೂ ಬಾಗಿಲಿನದೇ ತಕರಾರು.

ಬಲೂನಿಗೆ ಇಂಥ ಅದೃಷ್ಟ ಬರಲಿಲ್ಲ. ರಬ್ಬರಿನ ಬಲೂನನ್ನು ಮೊದಲು ಮಾಡಿದವನು ಮೈಕೆಲ್ ಫ್ಯಾರಡೆ, 1824ರಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ. ಯಾಕೆ ಗೊತ್ತೇ? ಹೈಡ್ರೋಜನ್ ಪ್ರಯೋಗಕ್ಕೆ. ಬಲೂನಿಗೂ ಹೈಡ್ರೋಜನ್ನಿಗೂ ಹುಟ್ಟಿನಿಂದಲೇ ನಂಟು. ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ 4ರಿಂದ 75 ಭಾಗದವರೆಗೆ ಹೇಗೆ ಬೆರೆತರೂ ಹೊತ್ತಿಕೊಳ್ಳುತ್ತದೆ. ಕಿಡಿ ಸಾಕು, ಸಿಗರೇಟು ಸಾಕು, ಕೇಕಿನ ಮೇಲಿನ ಮೇಣದಬತ್ತಿ ಧಾರಾಳ ಸಾಕು. ಹೀಲಿಯಂ ಉರಿಯುವುದಿಲ್ಲ, ಆದರೆ ದುಬಾರಿ. ನಮ್ಮಲ್ಲಿ ಬೀದಿ ಬದಿಯ ಗ್ಯಾಸ್ ಬಲೂನಿನವರು ಎಷ್ಟೋ ಕಡೆ ಕಾಸ್ಟಿಕ್ ಸೋಡಾಕ್ಕೆ ಅಲ್ಯೂಮಿನಿಯಂ ಚೂರು ಹಾಕಿ ತಾವೇ ಹೈಡ್ರೋಜನ್ ತಯಾರಿಸುತ್ತಾರೆ. ಪಿಯುಸಿ ಲ್ಯಾಬಿನ ಪ್ರಯೋಗ, ಹಳೇ ಸಿಲಿಂಡರಿನಲ್ಲಿ. ಕ್ರಿಯೆ ನಡೆಯುವಾಗ ಬಿಸಿಯೂ ಏರುತ್ತದೆ, ಒತ್ತಡವೂ ಏರುತ್ತದೆ, ಅಳೆಯುವ ಮೀಟರು ಇರುವುದಿಲ್ಲ. 2012ರ ಮೇ 4ರಂದು ಆರ್ಮೇನಿಯಾದ ಯೆರೆವಾನಿನಲ್ಲಿ ಬಲೂನಿನ ಗೊಂಚಲು ಹೊತ್ತಿ 140ಕ್ಕೂ ಹೆಚ್ಚು ಜನ ಸುಟ್ಟುಕೊಂಡರು. 2020ರ ಸೆಪ್ಟೆಂಬರಿನಲ್ಲಿ ಚೆನ್ನೈನಲ್ಲಿ ರಾಜಕೀಯ ನಾಯಕರೊಬ್ಬರ ಹುಟ್ಟುಹಬ್ಬದ ಆಚರಣೆಯಲ್ಲಿ ಬಲೂನುಗಳು ಭಗ್ಗೆಂದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಎರಡೂ ಬಯಲಿನಲ್ಲಿ ಆದದ್ದು. ಇಪ್ಪತ್ತು ಮಕ್ಕಳು ತುಂಬಿದ ಹಾಲನ್ನು ಊಹಿಸಿಕೊಳ್ಳಿ.

ಹೀಲಿಯಂ ಆದರೆ ಪೂರ್ತಿ ನಿರಪಾಯವೇ ಅಂದರೆ ಅದೂ ಅಲ್ಲ. ಕೆಲವು ರಂಜಕರು ಹೀಲಿಯಂ ಎಳೆದುಕೊಂಡು ಬಾತುಕೋಳಿ ದನಿಯಲ್ಲಿ ಮಾತಾಡಿ ನಗಿಸುತ್ತಾರೆ. ಶ್ವಾಸಕೋಶದಲ್ಲಿ ಹೀಲಿಯಂ ತುಂಬಿದಷ್ಟು ಹೊತ್ತು ಆಮ್ಲಜನಕ ಇಲ್ಲ, ಅಷ್ಟೇ ಸರಳ. ಮಗು ಅದನ್ನು ನೋಡಿ ಸೀದಾ ಸಿಲಿಂಡರಿನ ಮೂತಿಗೆ ಬಾಯಿ ಇಟ್ಟರೆ ಒತ್ತಡಕ್ಕೇ ಶ್ವಾಸಕೋಶ ಹರಿಯಬಹುದು. ಇನ್ನು ಒಡೆದ ಬಲೂನಿನ ಚೂರು. ಗಂಟಲಿಗೆ ಹೋದರೆ ಅದು ಮುಚ್ಚಳದ ಹಾಗೆ ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ 1994ರ ಕಾಯಿದೆ ಬಂದ ಮೇಲೆ, ಎಂಟು ವರ್ಷದೊಳಗಿನ ಮಕ್ಕಳು ಊದದ ಅಥವಾ ಒಡೆದ ಬಲೂನಿನಿಂದ ಉಸಿರುಗಟ್ಟಬಹುದು ಎಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಛಾಪಿಸುವುದು ಕಡ್ಡಾಯವಾಯಿತು. ಆದರೆ ಬಾಡಿಗೆ ರಂಜಕ ತನ್ನ ಚೀಲದಿಂದ ಬಲೂನು ತೆಗೆದು ಊದಿಕೊಟ್ಟಾಗ ಆ ಪೊಟ್ಟಣ ಮನೆಯವರ ಕಣ್ಣಿಗೆ ಎಲ್ಲಿ ಬೀಳಬೇಕು?

ವಸ್ತುವಿನ ಕಥೆ ಇಷ್ಟು. ಇನ್ನು ವ್ಯಕ್ತಿ. ಕ್ಯಾಂಟೀನಿನ ಪ್ರಶ್ನೆ ಇದ್ದದ್ದೂ ಇದರ ಬಗ್ಗೆಯೇ.

ಕ್ಲೌನ್ ಎಂದರೆ ಅಮೆರಿಕದವರು ಹೆದರುವುದಕ್ಕೆ ಒಂದು ಕಾರಣ ಜಾನ್ ವೇಯ್ನ್ ಗೇಸಿ. 1978ರ ಡಿಸೆಂಬರಿನಲ್ಲಿ ಷಿಕಾಗೋ ಬಳಿ ಸಿಕ್ಕಿಬಿದ್ದ, 33 ಹುಡುಗರನ್ನು, ಯುವಕರನ್ನು ಕೊಂದವನು. ಬಿಡುವಿನಲ್ಲಿ 'ಪೋಗೋ' ಎಂಬ ಕ್ಲೌನ್ ವೇಷ ಹಾಕಿ ಮಕ್ಕಳನ್ನು ನಗಿಸಲು ಹೋಗುತ್ತಿದ್ದ. ಈ ಕಥೆ ಹೇಳುವವರು ವೇಷದ ಮೇಲೇ ಕಣ್ಣಿಡುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಅವನು ಬಲಿಗಳನ್ನು ಹಿಡಿದದ್ದು ಕ್ಲೌನ್ ಆಗಿ ಮಕ್ಕಳ ಪಾರ್ಟಿಗಳಲ್ಲಲ್ಲ. ಅವನಿಗೆ ಕಟ್ಟಡ ಕೆಲಸದ ಕಂಪನಿ ಇತ್ತು, ಕೆಲಸ ಕೊಡುತ್ತೇನೆಂದು ಎಷ್ಟೋ ಹುಡುಗರನ್ನು ಕರೆಯುತ್ತಿದ್ದ. ಎರಡನೆಯದು, 1968ರಲ್ಲೇ ಅಯೋವಾ ರಾಜ್ಯದಲ್ಲಿ ಹದಿಹರೆಯದ ಹುಡುಗನ ಮೇಲಿನ ಲೈಂಗಿಕ ಅಪರಾಧಕ್ಕೆ ಅವನಿಗೆ ಹತ್ತು ವರ್ಷದ ಶಿಕ್ಷೆಯಾಗಿತ್ತು, 1970ರಲ್ಲಿ ಪೆರೋಲ್ ಮೇಲೆ ಹೊರಬಂದಿದ್ದ. ದಾಖಲೆ ಇತ್ತು. ಅವನನ್ನು ಮಕ್ಕಳ ನಡುವೆ ಬಿಟ್ಟುಕೊಂಡವರಿಗೆ ಅದನ್ನು ತೆಗೆದು ನೋಡುವ ವ್ಯವಸ್ಥೆಯೇ ಇರಲಿಲ್ಲ.

ಬ್ರಿಟನ್ನಿಗೆ ಇದು ತಟ್ಟಿದ್ದು 2002ರಲ್ಲಿ. ಸೋಹಮ್ ಎಂಬ ಸಣ್ಣ ಊರಿನಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರನ್ನು ಶಾಲೆಯೊಂದರ ಕೇರ್‌ಟೇಕರ್ ಇಯಾನ್ ಹಂಟ್ಲಿ ಕೊಂದ. ಅವನ ಮೇಲೆ ಬೇರೆ ಜಿಲ್ಲೆಯ ಪೋಲೀಸರ ಬಳಿ ಹಳೆಯ ದೂರುಗಳಿದ್ದವು, ಆದರೆ ಕೆಲಸಕ್ಕೆ ಸೇರಿಸಿಕೊಂಡವರಿಗೆ ಅದು ತಲುಪಿರಲಿಲ್ಲ. ಬಿಚರ್ಡ್ ಸಮಿತಿ 2004ರಲ್ಲಿ ವರದಿ ಕೊಟ್ಟಿತು, 2006ರಲ್ಲಿ ಕಾಯಿದೆ ಬಂತು. ಮಕ್ಕಳ ಜೊತೆ ಕೆಲಸ ಮಾಡುವ ಎಲ್ಲರನ್ನೂ ನೋಂದಾಯಿಸಿ ಜಾಲಾಡುವ ದೊಡ್ಡ ಯೋಜನೆ. 2009ರಲ್ಲಿ ಫಿಲಿಪ್ ಪುಲ್‌ಮನ್‌ನಂಥ ಮಕ್ಕಳ ಲೇಖಕರೇ ಸಿಡಿದೆದ್ದರು. ಶಾಲೆಗೆ ಹೋಗಿ ಕಥೆ ಓದಲಿಕ್ಕೂ ಸರ್ಟಿಫಿಕೇಟು ತರಬೇಕೆಂದರೆ ನಾನು ಹೋಗುವುದೇ ಇಲ್ಲ ಎಂದ ಪುಲ್‌ಮನ್. 2010ರಲ್ಲಿ ಹೊಸ ಸರ್ಕಾರ ಯೋಜನೆ ನಿಲ್ಲಿಸಿತು, 2012ರಲ್ಲಿ ಅದರ ಸಣ್ಣ ರೂಪ ಬಂತು. ಆ ಜಗಳದಲ್ಲಿ ಎರಡೂ ಕಡೆ ನ್ಯಾಯವಿತ್ತು ಎಂದೇ ನನ್ನ ಅನಿಸಿಕೆ.

ಆದರೆ ನಮ್ಮ ಪುಟ್ಟ ಸಾಲನ್ನು ಮರೆಯಬೇಡಿ. 2012ರಲ್ಲಿ ಹೊಸ ಏರ್ಪಾಡು ಬಂದ ಮೇಲೂ ವರ್ಷಗಟ್ಟಲೆ, ಸ್ವಂತ ಕಸುಬಿನ ಜಾದೂಗಾರ ತನ್ನ ಬಗ್ಗೆ ತಾನೇ ಆಳವಾದ ತಪಾಸಣೆ ಮಾಡಿಸಿಕೊಳ್ಳುತ್ತೇನೆಂದರೆ ಇಂಗ್ಲೆಂಡಿನಲ್ಲಿ ಅವಕಾಶವಿರಲಿಲ್ಲ. ಕೆಲಸ ಕೊಡುವ ಸಂಸ್ಥೆ ಕೇಳಬೇಕು. ಹುಟ್ಟುಹಬ್ಬ ಮಾಡುವ ಅಮ್ಮ ಸಂಸ್ಥೆಯಲ್ಲ. ಒಳ್ಳೆಯ ರಂಜಕನೂ ತಾನು ಒಳ್ಳೆಯವನೆಂದು ತೋರಿಸಲಾರದ ಸ್ಥಿತಿ. ಮತ್ತೆ ಹೊಸಿಲು.

ಹೊಸಿಲು ದಾಟಿದ್ದು ಆಸ್ಟ್ರೇಲಿಯಾ. ಅಲ್ಲಿನ ವೆಸ್ಟರ್ನ್ ಆಸ್ಟ್ರೇಲಿಯಾ ರಾಜ್ಯದ 2004ರ ಕಾಯಿದೆ, ವಿಕ್ಟೋರಿಯಾ ರಾಜ್ಯದ 2005ರ ಕಾಯಿದೆ ಎರಡೂ ಮಕ್ಕಳ ಜೊತೆ ಕೆಲಸ ಮಾಡುವವರ ಪಟ್ಟಿಯಲ್ಲಿ, ಮಕ್ಕಳಿಗಾಗಿ ದುಡ್ಡಿಗೆ ಒದಗಿಸುವ ಮನರಂಜನೆ ಅಥವಾ ಪಾರ್ಟಿ ಸೇವೆಯನ್ನು ಹೆಸರು ಹಿಡಿದೇ ಸೇರಿಸಿದವು. 'ಪಾರ್ಟಿ' ಎಂಬ ಪದ ಕಾಯಿದೆಯ ಪುಸ್ತಕದಲ್ಲಿ! ಜಾದೂಗಾರನೂ ಕಾರ್ಡು ಮಾಡಿಸಬೇಕು, ಸ್ವಂತ ಕಸುಬಾದರೂ ಸರಿ, ಆಟ ಯಾರ ಮನೆಯ ಹಾಲಿನಲ್ಲಾದರೂ ಸರಿ. ಸಂಡರ್‌ಲ್ಯಾಂಡಿನಿಂದ ಲೆಕ್ಕ ಹಾಕಿದರೆ 120 ವರ್ಷ ಹಿಡಿಯಿತು.

ನಮ್ಮಲ್ಲಿ? ನಾನು ಕೆಲಸಕ್ಕೆ ಸೇರುವಾಗ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಎಂದು ಹಳೇ ವಿಳಾಸ, ಮಾರ್ಕ್ಸ್ ಕಾರ್ಡು, ಹಿಂದಿನ ಮ್ಯಾನೇಜರು, ಪೋಲೀಸ್ ದಾಖಲೆ ಎಲ್ಲ ಜಾಲಾಡಿದರು. ಎಲ್ಲೋ ದೂರದ ದೇಶದ ಬ್ಯಾಂಕಿನ ಒಂದು ಸ್ಕ್ರೀನಿಗೆ ಬಟನ್ ಇಡುವ ಕೆಲಸಕ್ಕೆ! ಐದು ವರ್ಷದ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿ ಕೆನ್ನೆಗೆ ಚಿಟ್ಟೆ ಬಿಡಿಸುವವನಿಗೆ ಅಂಥದ್ದು ಏನೂ ಇಲ್ಲ. ಇದು ಅವನ ತಪ್ಪಲ್ಲ, ಕೇಳಿದರೆ ಎಷ್ಟೋ ಜನ ಸಂತೋಷದಿಂದ ತೋರಿಸುತ್ತಾರೆ.

ಆದರೂ ಕಾರ್ಡಿನ ಮೇಲೆ ಪೂರ್ತಿ ಭಾರ ಹಾಕಲು ನನಗೆ ಮನಸ್ಸಿಲ್ಲ. ಕಾರ್ಡು ಹೇಳುವುದು ಹಿಂದೆ ಸಿಕ್ಕಿಬಿದ್ದಿಲ್ಲ ಎಂದಷ್ಟೇ. ಇನ್ನೊಂದು ಕಹಿ ಲೆಕ್ಕವೂ ಇದೆ. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳಲ್ಲಿ ವರ್ಷದಿಂದ ವರ್ಷಕ್ಕೆ, ಪೋಕ್ಸೋ ಕಾಯಿದೆಯ ಕೆಳಗೆ ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿದ್ದವರೇ. ನೆಂಟರು, ನೆರೆಯವರು, ಪರಿಚಯದವರು. ಅಂದರೆ ಪಾರ್ಟಿಯಲ್ಲಿ ವೇಷದವನನ್ನೇ ದುರುಗುಟ್ಟಿ ನೋಡುತ್ತಾ ಕೂತರೆ ಅತಿಥಿಗಳಲ್ಲಿ ಯಾರು ಯಾವ ಮಗುವನ್ನು ಟೆರೇಸಿಗೆ ಕರೆದುಕೊಂಡು ಹೋದರು ಎನ್ನುವುದು ತಪ್ಪಿಹೋಗುತ್ತದೆ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋಗೆ ಒಂದು ಗುಣವಿದೆ, ಅದು ಹೊಸಿಲಿನಲ್ಲಿ ನಿಲ್ಲುವುದಿಲ್ಲ. ಮನೆಯೊಳಗೆ ನಡೆದರೂ ಅನ್ವಯ. 19ನೇ ಕಲಮಿನ ಪ್ರಕಾರ ಗೊತ್ತಾದವರು ಯಾರೇ ಆಗಲಿ ಪೋಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಅಪರಾಧ. "ಮನೆತನದ ಮರ್ಯಾದೆ" ಎಂದು ಸುಮ್ಮನಿರುವ ಹಕ್ಕು ಯಾರಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098. ಆದರೆ ಇದು ಆದ ಮೇಲಿನ ಮಾತು.

ಆಗುವ ಮೊದಲಿನದಕ್ಕೆ ನನಗೆ ಈಗಲೂ ಹಿಡಿಸುವುದು ಆ 1908ರ ಕಲಮೇ. ಅದು ಆಟದವನ ಗುಣ ಕೇಳಲಿಲ್ಲ, ಸರ್ಟಿಫಿಕೇಟು ಕೇಳಲಿಲ್ಲ. ದೊಡ್ಡವರನ್ನು ನಿಲ್ಲಿಸಿ, ಅವರ ಕೆಲಸ ಏನೆಂದು ಅವರಿಗೆ ಹೇಳಿ ಎಂದಿತು. ನಮ್ಮ ಪಾರ್ಟಿಗಳಲ್ಲಿ ದೊಡ್ಡವರಿಗೇನು ಬರಗಾಲವಿಲ್ಲ, ನಲವತ್ತು ಜನ ಇರುತ್ತಾರೆ. ಮ್ಯಾಜಿಕ್‌ನವನು ಶುರು ಮಾಡಿದ ಕೂಡಲೇ, "ಸದ್ಯ, ಮಕ್ಕಳು ಒಂದು ಗಂಟೆ ಸುಮ್ಮನಿರ್ತಾವೆ" ಎಂದು ನಲವತ್ತೂ ಜನ ಅಡಿಗೆಮನೆ, ಬಾಲ್ಕನಿ, ಮೊಬೈಲಿಗೆ ಹಂಚಿಹೋಗುತ್ತಾರೆ. ಆ ಹೊತ್ತಿಗೆ ರಂಜಕನೇ ಕಾವಲಿನವನೂ ಆಗಿಬಿಡುತ್ತಾನೆ. ಅವನು ಆ ಕೆಲಸಕ್ಕೆ ಒಪ್ಪಿಕೊಂಡೂ ಇಲ್ಲ, ದುಡ್ಡು ತೆಗೆದುಕೊಂಡೂ ಇಲ್ಲ. ಅವನಿಗೂ ಇದು ಅನ್ಯಾಯ. ನಾಳೆ ಏನಾದರೂ ಎಡವಟ್ಟಾದರೆ ಮೊದಲು ಬೆರಳು ತೋರಿಸುವುದು ಅವನ ಕಡೆಗೇ.

ಹಾಗಾಗಿ ಹೆಸರು ಹಿಡಿದು ಇಬ್ಬರಿಗೆ ಹೇಳುವುದು ಒಳ್ಳೆಯದು. ಆಟ ಮುಗಿಯುವವರೆಗೆ ಅತ್ತೆ ಮಕ್ಕಳ ಜೊತೆ ಕೂರುತ್ತಾರೆ, ಚಿಕ್ಕಪ್ಪ ಬಾಗಿಲ ಬಳಿ ಇರುತ್ತಾರೆ, ಹೀಗೆ. ಟ್ಯಾಟೂ, ಬಣ್ಣ ಎಲ್ಲ ಎಲ್ಲರಿಗೂ ಕಾಣುವ ಹಾಲಿನಲ್ಲೇ ಆಗಲಿ, ಒಳಗಿನ ಕೋಣೆಯಲ್ಲಿ ಬೇಡ. ವೇಷ ಬದಲಿಸಲು ಅವರಿಗೊಂದು ಪ್ರತ್ಯೇಕ ಜಾಗ ಕೊಡಿ, ಮಕ್ಕಳು ಅತ್ತ ಸುಳಿಯದಿರಲಿ. ಮಗುವಿಗೆ ವೇದಿಕೆಗೆ ಹೋಗಲು, ಅಪ್ಪಿಕೊಳ್ಳಲು, ಕೈಕುಲುಕಲು ಇಷ್ಟವಿಲ್ಲದಿದ್ದರೆ, "ಏ ಹೋಗೋ, ಅಂಕಲ್ ಕರೀತಿದಾರೆ" ಎಂದು ನೂಕಬೇಡಿ. ಸಿಲಿಂಡರು ಮನೆಯೊಳಗೆ ಬರುವುದು ಬೇಡವೇ ಬೇಡ. ಬಲೂನಿನಲ್ಲಿ ಏನಿದೆ ಎಂದು ಕೇಳಿದಾಗ ಉತ್ತರ ತಡವರಿಸಿದರೆ ಬಾಯಿಂದ ಊದಿದ ಬಲೂನೇ ಸಾಕು, ಗೋಡೆಗೆ ಅಂಟಿಸಿದರೆ ಅದೂ ಚೆಂದವೇ. ರಿಟರ್ನ್ ಗಿಫ್ಟನ್ನು ಒಬ್ಬೊಬ್ಬರ ಕೈಗೇ ಕೊಡಿ, ಮೇಲಿನಿಂದ ಎರಚಬೇಡಿ. ಆಟ ಮುಗಿದ ಮೇಲೆ ಒಂದು ಪೊರಕೆ ಹಿಡಿದು ಒಡೆದ ಬಲೂನಿನ ಚೂರೆಲ್ಲ ಗುಡಿಸಿಬಿಡಿ. ಸೋಫಾದ ಕೆಳಗೂ.